ಹೆಸರು ಹೇಳಿದ್ರ ಒಳಗ ಬಿಡ್ತೀವಿ

ಆ ದಿನ ಬೆಳಿಗ್ಗೆ ಅವ್ವ ನನಗೆ ಎರಡು ಸಲ ಫೋನ್ ಮಾಡಿದಳು. ಮೊದಲನೆಯ ಕರೆಗೆ ಹಸಿರು ದೀಪ ಬಿತ್ತು, ಎರಡನೆಯದಕ್ಕೆ ಕೆಂಪು.

ಹಸಿರು ಅವ್ವ ಹೇಳಿದ್ದು ಇಷ್ಟು: “ಮುರಿಗೆಪ್ಪಾ, ಖಾನಾವಳಿ ಕೊಟ್ಟುಬಿಟ್ಟೆನಪಾ. ಮೊಣಕಾಲು ಭಾಳ ತ್ರಾಸ ಕೊಡಾಕತ್ತಾವು. ಬ್ಯಾರೆಯವ್ರು ನಡಸ್ತೀವಿ ಅಂದ್ರು, ಹೂಂ ಅಂದೆ. ಸಂಜಿಗೆ ಎಲ್ಲಾ ಪಕ್ಕಾ ಆಗತೈತಿ. ಯಾರರ ನನ್ನ ದನಿ ಮಾಡಿ ಫೋನ್ ಮಾಡಿದ್ರ ನಂಬಬ್ಯಾಡ. ಹೊತ್ತಿಗೆ ಸರಿಯಾಗಿ ಉಣ್ಣು.”

ಕೆಂಪು ಅವ್ವ ಏದುಸಿರಿನಲ್ಲಿ ತೇಕುತ್ತಿದ್ದಳು: “ಏ ಮುರಿಗಿ, ಯಾವನೋ ಕೀಲಿ ಹಿಡಕೊಂಡು ಖಾನಾವಳಿ ಬಾಗಲಕ್ಕ ನಿಂತಾನ! ನಾ ಬಿಟ್ಟುಕೊಟ್ಟೀನಂತ. ನಾ ಯಾವಾಗ ಕೊಟ್ಟೆ? ನಿಮ್ಮ ಕಚೇರಿಯವ್ರಿಗೆ ಹೇಳೋ!”

ಇಂಥ ಕರೆಗಳನ್ನು ಹಿಡಿಯುವುದೇ ನನ್ನ ಕೆಲಸವಾದ್ದರಿಂದ ನಾನು ಗಂಭೀರ ದನಿಯಲ್ಲಿ ಹೇಳಿದೆ. “ನೋಡವ್ವಾ, ನೀ ಯಾರ ಅದೀಯೋ ಗೊತ್ತಿಲ್ಲ. ನಮ್ಮವ್ವನ ದನಿ ಚಲೋನ ಮಾಡ್ತಿ. ತೇಕೋದು ಒಂಚೂರು ಜಾಸ್ತಿ ಆತು. ಮನ್ಯಾಗ ಪ್ರಾಕ್ಟೀಸ್ ಮಾಡು.”

ಆ ಕಡೆಯ ದನಿ ಏರಿತು: “ನೀ ಹುಟ್ಟಿದಾಗ ಸೂಲಗಿತ್ತಿ ಹೇಳಿದ್ಲು, ಕೂಸು ಅಳವಲ್ದು, ಬೆಕ್ಕಿನಂಗ ಮಿಯಾಂವ್ ಅಂತೈತಿ ಅಂತ. ಅವತ್ತ ತಿಳೀಬೇಕಿತ್ತು ನನಗ!” ಕರೆ ಕಟ್ಟಾಯಿತು.

ನಾನು ಫೋನನ್ನು ನೋಡುತ್ತ ಕುಳಿತೆ. ಸೂಲಗಿತ್ತಿಯ ಮಾತು ಕಳ್ಳರಿಗೆ ಹೇಗೆ ಗೊತ್ತಾಯಿತು? ಇಬ್ಬರ ದನಿಯೂ ಅವ್ವನದೇ. ಮೊಣಕಾಲು ನೋವೂ ನಿಜ, ಬೈಗುಳವೂ ನಿಜ. ಊಟ ಮಾಡು ಎಂದವಳು ಅವ್ವನೋ, ಬೆಕ್ಕು ಎಂದವಳು ಅವ್ವನೋ? ದೀಪ ಹಸಿರು ಅವ್ವನ ಕಡೆ ಇತ್ತು. ದೀಪ ನಮ್ಮ ಕಚೇರಿಯದು. ಅನ್ನ ಹಾಕುವ ದೀಪವನ್ನು ಅನುಮಾನಿಸುವುದು ಹೇಗೆ?

ಫೋನ್ ಎತ್ತಿದ ಕೂಡಲೇ ಆ ಕಡೆಯ ಮನುಷ್ಯ ಅವನೇ ಹೌದೋ ಅಲ್ಲವೋ ಎಂದು ಫೋನೇ ಹೇಳಿಬಿಟ್ಟರೆ ಹೇಗಿರುತ್ತದೆ? ಈ ಪ್ರಶ್ನೆ ಹುಟ್ಟಿದ್ದೇ ಜನ ಬೇಸತ್ತಾಗ. ಯಾರದಾದರೂ ನಾಲ್ಕು ಮಾತು ಸಿಕ್ಕರೆ ಸಾಕು, ಅವರ ದನಿಯನ್ನೇ ಎರಕ ಹೊಯ್ದು ಬೇಕಾದ್ದನ್ನು ಆಡಿಸುವ ಕಾಲ ಬಂದಿತ್ತು. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದ ಮಗನೇ ಪೊಲೀಸ್ ಠಾಣೆಯಿಂದ ಅಳುತ್ತ ಫೋನ್ ಮಾಡುತ್ತಿದ್ದ. ಪೊಲೀಸ್ ಸಾಹೇಬರ ದನಿಯಲ್ಲಿ ಯಾರೋ “ನಿಮ್ಮನ್ನು ಫೋನಿನಲ್ಲೇ ಬಂಧಿಸಿದ್ದೇವೆ, ಕುರ್ಚಿಯಿಂದ ಏಳಬೇಡಿ” ಎಂದರೆ ನಿವೃತ್ತ ಪ್ರಿನ್ಸಿಪಾಲರೊಬ್ಬರು ಸಂಜೆಯತನಕ ಎದ್ದಿರಲಿಲ್ಲ. ಕರೆಯೆಂದರೆ ಕರಕರೆ ಎನ್ನುವಂತಾಗಿತ್ತು.

ಆಗ ಧಾರವಾಡದ ಅಂಚಿನಲ್ಲಿ ದನಿಗಾವಲು ಕೇಂದ್ರ ತೆರೆಯಿತು. ನಮ್ಮ ಭಾಗದ ಎಲ್ಲ ಕರೆಗಳೂ ಅದರ ಮೂಲಕವೇ ಹಾಯಬೇಕು. ಪ್ರತಿಯೊಬ್ಬರೂ ಮೊದಲೇ ಬಂದು ಯಂತ್ರದ ಮುಂದೆ ಮಾತಾಡಿ ತಮ್ಮ ದನಿಜಾತಕ ಬರೆಸಿಡಬೇಕು. ಎಲ್ಲಿ ಉಸಿರು ಎಳೆಯುತ್ತಾರೆ, ಎಲ್ಲಿ ನಾಲಿಗೆ ಜಾರುತ್ತದೆ ಎಂದೆಲ್ಲ ಯಂತ್ರ ಅಳೆದಿಟ್ಟುಕೊಳ್ಳುತ್ತದೆ. ಜೊತೆಗೆ ಒಂದು ಗುಟ್ಟಿನ ಪ್ರಶ್ನೆ. ಉತ್ತರವೂ ಹೊಂದಬೇಕು, ಉತ್ತರ ಹೇಳಿದ ದನಿಯೂ ಹೊಂದಬೇಕು. ಯಾರ ಪ್ರಶ್ನೆ ಏನು ಎಂಬುದು ಪರೀಕ್ಷಾ ಕೋಣೆಯ ನಮಗೂ ಗೊತ್ತಿಲ್ಲ. ಪ್ರಶ್ನೆಗಳು ಮುಖ್ಯ ಕಚೇರಿಯಿಂದ ಬರುತ್ತವೆ, ಉತ್ತರಗಳು ಅಂಕಿಗಳಾಗಿ ಯಂತ್ರದ ಹೊಟ್ಟೆ ಸೇರುತ್ತವೆ. ಅಲ್ಲಿಂದ ತೆಗೆದು ಕೇಳಲು ಯಾರಿಗೂ ಆಗದು.

ಹಸಿರು ಬಿದ್ದ ಮಾತು ಸಹಿಗೆ ಸಮ ಎಂದು ಕಾನೂನೂ ಆಯಿತು. ಜನ ಫೋನಿನಲ್ಲೇ ಮನೆ ಕೊಂಡರು, ಮಾರಿದರು, ಹೆಣ್ಣು ಒಪ್ಪಿದರು. “ಹಸಿರು ಬಿದ್ದರೆ ಹಸಿ ಸುಳ್ಳೂ ನಿಜ” ಎಂದು ನಾನು ಕ್ಯಾಂಟೀನಿನಲ್ಲಿ ಹೇಳಿದಾಗ ಎಲ್ಲರೂ ನಕ್ಕಿದ್ದರು.

ಕೇಂದ್ರದಲ್ಲಿ ನನ್ನ ಹುದ್ದೆಯ ಹೆಸರು ಅಣಕು ಪರೀಕ್ಷಕ. ಕರ್ನಾಟಕ ಕಾಲೇಜಿನಲ್ಲಿ ಎಲ್ಲ ಪ್ರಾಧ್ಯಾಪಕರ ದನಿ ಮಾಡಿ ಎರಡು ಸಲ ಹೊರಗೆ ಹಾಕಿಸಿಕೊಂಡವನಿಗೆ ಅದಕ್ಕಾಗಿಯೇ ಸಂಬಳ ಸಿಗುವ ನೌಕರಿ ಅದೊಂದೇ. ಬೆಳಗಿನಿಂದ ಸಂಜೆಯವರೆಗೆ ಪರೀಕ್ಷಾ ಕೋಣೆಯಲ್ಲಿ ಕುಳಿತು ಬೇರೆಯವರ ದನಿ ಮಾಡಿ ಯಂತ್ರವನ್ನು ಮೋಸಗೊಳಿಸಲು ನೋಡಬೇಕು. ನಾನು ಸೋತ ದಿನವೆಲ್ಲ ಕೇಂದ್ರಕ್ಕೆ ಗೆಲುವು. ನಾನು ಸೋಲುತ್ತಲೇ ಬಂದಿದ್ದೆ.

ಆದರೆ ಆ ವಾರ ಕೇಂದ್ರವೇ ತಲೆ ಕೆಡಿಸಿಕೊಂಡು ಕುಳಿತಿತ್ತು. ಕಳ್ಳರ ಹಾವಳಿ ಹೆಚ್ಚಿತೆಂದು ಹೊಸ ನಿಯಮ ಬಂದಿತ್ತು: ಅನುಮಾನ ಬಂದಾಗ ಮಾತ್ರ ಕೇಳುತ್ತಿದ್ದ ಗುಟ್ಟಿನ ಪ್ರಶ್ನೆ ಇನ್ನು ದಿನದ ಮೊದಲ ಕರೆಗೆ ಮುಂಚೆ ಎಲ್ಲರಿಗೂ. ಅದು ಜಾರಿಯಾದದ್ದೇ ತಡ, ಗೋಡೆಯ ಮೇಲಿನ ದೊಡ್ಡ ನಕ್ಷೆಯಲ್ಲಿ ಕೆಂಪು ದೀಪಗಳು ಮೆಣಸಿನಕಾಯಿ ಒಣಹಾಕಿದಂತೆ ಹರಡಿದವು. ಎಲ್ಲ ಹೆಂಗಸರು. ಎಲ್ಲ ವಯಸ್ಸಾದವರು. ಗಂಡಸರಿಗೆ ತೊಂದರೆಯಿಲ್ಲ, ಕಾಲೇಜು ಹುಡುಗಿಯರಿಗೆ ತೊಂದರೆಯಿಲ್ಲ.

ನಮ್ಮ ಮುಖ್ಯಸ್ಥೆ ಡಾಕ್ಟರ್ ವಾಗ್ದೇವಿ ಮೂರ್ತಿ ಮೈಸೂರಿನವರು. ಹೆಸರಿಗೆ ತಕ್ಕಂತೆ ಮಾತು ಬಲ್ಲವರು, ಆದರೆ ಆ ವಾರ ಅವರ ಬಾಯಿಂದ ಬರುತ್ತಿದ್ದದ್ದು “ಯಾಕೆ?” ಎಂಬ ಒಂದೇ ಮಾತು.

“ಬಳೆ ಸದ್ದು ಇರಬಹುದಾ ಮುರಿಗೆಪ್ಪ?” ಎಂದು ಕೇಳಿದರು ಒಮ್ಮೆ.

ಎರಡೂ ಕೈ ತುಂಬ ಹಸಿರು ಗಾಜಿನ ಬಳೆ ತೊಟ್ಟು ನಾನು ಅರ್ಧ ದಿನ ಮಾತಾಡಿದೆ. ಬಳೆಯಲ್ಲ. ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡು ಮಾತಾಡಿದೆ. ಅದೂ ಅಲ್ಲ. ಕೆಂಪು ಬಿದ್ದ ಹೆಂಗಸರನ್ನೇ ಕೇಳೋಣವೆಂದರೆ ಅವರು ಫೋನನ್ನೇ ಮುಟ್ಟುತ್ತಿರಲಿಲ್ಲ. ಓಣಿಯಲ್ಲಿ ಎದುರಾದ ಒಬ್ಬಿಬ್ಬರು, “ಅದು ಏನೇನೋ ಕೇಳ್ತೈತ್ರಿ, ನಾ ಇಟ್ಟುಬಿಡ್ತೀನಿ” ಎಂದು ನಕ್ಕು ಒಳಗೆ ಹೋದರು. ಮನೆಮನೆಯಲ್ಲಿ ಜನ ಹೇಗೋ ಹೊಂದಿಸಿಕೊಂಡಿದ್ದರು. ಹೆಂಡತಿ ಮಗ್ಗುಲಲ್ಲಿ ನಿಂತು ಹೇಳುವುದು, ಗಂಡ ಫೋನಿನಲ್ಲಿ ಒಪ್ಪಿಸುವುದು. ನಮ್ಮ ಓಣಿಯ ಒಬ್ಬರಂತೂ ತಮ್ಮ ಅತ್ತೆಗೆ, “ನಿಮ್ಮ ಅಳಿಯ ಬರೇ ಜಿಪುಣ ಅಂತ ಹೇಳಾಕತ್ತಾಳ್ರಿ” ಎಂದು ತಮ್ಮ ಬಾಯಿಂದಲೇ ವರದಿ ಮಾಡಬೇಕಾಯಿತಂತೆ.

ನಮ್ಮ ಮನೆಯ ಕರೆಗಳೂ ಆ ವಾರ ಅಪ್ಪನ ದನಿಯಲ್ಲೇ ಬಂದಿದ್ದವು. ನಾನು ಗಮನಿಸಿರಲಿಲ್ಲ.

“ಮುರಿಗೆಪ್ಪ, ಗೇಟಿನ ಹತ್ರ ಯಾರೋ ನಿಮ್ಮ ಹೆಸರು ಹಿಡಿದು ಕೂಗ್ತಿದಾರೆ” ಎಂದು ವಾಗ್ದೇವಿ ಮೇಡಂ ಹೇಳಿದಾಗ ನಾನು ಓಡಿದೆ.

ಕೇಂದ್ರದ ಗಾಜಿನ ಬಾಗಿಲ ಹೊರಗೆ, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಬುತ್ತಿಗಂಟು ಹಿಡಿದು ಅವ್ವ ನಿಂತಿದ್ದಳು. ಅಂಗೈಗೆ ಇನ್ನೂ ಜೋಳದ ಹಿಟ್ಟು ಮೆತ್ತಿತ್ತು. ಬಾಗಿಲು ಅವಳಿಗೆ ಸಿಹಿ ದನಿಯಲ್ಲಿ ಏನೋ ಕೇಳುತ್ತಿತ್ತು. ಅವಳು ಅದಕ್ಕೆ ಬೆರಳು ತೋರಿಸಿ ಬೈಯುತ್ತಿದ್ದಳು.

“ಅವ್ವಾ, ನೀ... ನೀನಾ?”

“ಯಾಕ, ತೇಕು ಇನ್ನೂ ಜಾಸ್ತಿ ಆತೇನು?” ಎಂದಳು. “ಆಟೋದಾಗ ಪ್ರಾಕ್ಟೀಸ್ ಮಾಡ್ಕೋತ ಬಂದೀನಿ.”

ನನಗೆ ನೆಲ ಬಿರಿಯಬಾರದೇ ಎನಿಸಿತು. ಅವಳು ಬಾಗಿಲ ಕಡೆ ತಿರುಗಿ, “ಮದುವಿಯಾಗಿ ಬಂದಾಗ ನಾದಿನಿ ಹೊಸ್ತಿಲಕ್ಕ ಅಡ್ಡ ನಿಂತಂಗ ನಿಂತೈತಿ ನೋಡು ನಿಮ್ಮ ಬಾಗಲಾ. ನಾದಿನಿಗಾದ್ರೂ ನಗು ಬರ್ತಿತ್ತು. ಇದಕ್ಕ ನಗು ಇಲ್ಲ, ಅಳು ಇಲ್ಲ” ಎಂದಳು.

ಬಾಗಿಲು ಮತ್ತೆ ಸಿಹಿಯಾಗಿ ಕೇಳಿತು: “ನಮಸ್ಕಾರ ನೀಲವ್ವನವರೇ. ದಯವಿಟ್ಟು ನಿಮ್ಮ ಯಜಮಾನರ ಹೆಸರು ಹೇಳಿ.”

ಇದಾ ಗುಟ್ಟಿನ ಪ್ರಶ್ನೆ?

ನನ್ನ ಅವ್ವ ಅಪ್ಪನ ಹೆಸರನ್ನು ಆಡಿದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. “ಇವ್ರು”, “ನಮ್ಮನಿಯವ್ರು”, ಸಿಟ್ಟು ಬಂದರೆ “ನಿಮ್ಮಪ್ಪ ಅನಿಸ್ಕೊಂಡಾಂವ”. ಅಪ್ಪನ ಹೆಸರು ಚಂದ್ರಾಮಪ್ಪ. ಆದ್ದರಿಂದ ನಮ್ಮ ಮನೆಯಲ್ಲಿ ಚಂದ್ರನಿಗೂ ಹೆಸರಿರಲಿಲ್ಲ. ತುತ್ತು ಕೊಡುವಾಗ ಅವ್ವ ಆಕಾಶ ತೋರಿಸಿ “ಮ್ಯಾಲಿನ ದೀಪ ನೋಡು” ಎನ್ನುತ್ತಿದ್ದಳು. ಮೂರನೆಯ ಇಯತ್ತೆಯಲ್ಲಿ ಭೂಮಿಯನ್ನು ಸುತ್ತುವುದು ಯಾವುದು ಎಂಬ ಪ್ರಶ್ನೆಗೆ ನಾನು “ಮೇಲಿನ ದೀಪ” ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದೆ. ಚಂದ ಎಂಬ ಮಾತಿಗೂ ಅವಳು ಚಲೋ ಎಂದೇ ಅನ್ನುವಳು.

ಅತಿಥಿ ಚೀಟಿ ಬರೆಸಿ ಅವಳನ್ನು ಪರೀಕ್ಷಾ ಕೋಣೆಗೆ ಕರೆತಂದೆ. ವಾಗ್ದೇವಿ ಮೇಡಂ ಕನ್ನಡಕ ಏರಿಸಿ ನೋಡಿದರು.

“ಇವರೇ ನಿಮ್ಮ ತಾಯಿ ಅಂತ ಹೇಗೆ ಹೇಳ್ತೀರಾ?”

“ನೋಡಿದ್ರ ಗೊತ್ತಾಗಂಗಿಲ್ಲೇನ್ರಿ ಮೇಡಂ?”

“ನೋಡೋದು ನಮ್ಮ ವಿಭಾಗ ಅಲ್ಲ” ಎಂದು ಅವರು ನಿಜವಾದ ಸಂಕಟದಿಂದ ಹೇಳಿದರು. ಪರದೆಯ ಮೇಲೆ ಅವ್ವನ ಜಾತಕ ತೆರೆದರು. “ಇಲ್ಲಿ ನೋಡಿ, ಇವತ್ತು ಬೆಳಿಗ್ಗೆ ನೀಲವ್ವ ಅನ್ನೋರು ಬೇರೆ ಫೋನಿಂದ ಹಸ್ತಾಂತರ ಕಚೇರಿಗೆ ಮಾತಾಡಿದಾರೆ. ಗುಟ್ಟಿನ ಪ್ರಶ್ನೆಗೆ ಉತ್ತರ ಕೊಟ್ಟಿದಾರೆ. ಪಕ್ಕಾ ಹಸಿರು. ಖಾನಾವಳಿ ಜಾಗ, ಹೆಸರು ಎಲ್ಲಾ ಬಿಟ್ಟುಕೊಡ್ತೀನಿ ಅಂದಿದಾರೆ. ಕಚೇರಿ ಬಾಗಿಲು ಹಾಕೋದ್ರೊಳಗೆ ಅವರೇ ಮತ್ತೆ ಹಸಿರಿನಲ್ಲಿ ಬೇಡ ಅಂದ್ರೆ ನಿಲ್ಲುತ್ತೆ. ಇಲ್ದಿದ್ರೆ ಇಲ್ಲ.”

“ಅವರ ಅಂದ್ರ ಯಾರ?” ಎಂದಳು ಅವ್ವ. “ನಾನು ಇಲ್ಲದೀನಲ್ಲ.”

“ನೀವು ಕೆಂಪಮ್ಮ... ಅಂದ್ರೆ, ನೀವು ಕೆಂಪು, ಅಮ್ಮ.”

ಅವ್ವ ಕುರ್ಚಿಯಲ್ಲಿ ಕುಸಿದಳು. ಕೋರ್ಟಿನ ಹಿಂದಿನ ಓಣಿಯಲ್ಲಿ ಆ ಖಾನಾವಳಿಯ ಒಲೆ ಹೊತ್ತಿಸಿದಾಗ ನಾನು ಅವಳ ಸೊಂಟದ ಮೇಲಿದ್ದೆನಂತೆ. ವಕೀಲರು, ಕಕ್ಷಿದಾರರು, ಪರೀಕ್ಷೆಗೆ ಬಂದ ಹುಡುಗರು, ಎಲ್ಲರಿಗೂ ಬಿಸಿ ರೊಟ್ಟಿ ಬಡಿದು ಹಾಕಿದ ಕೈಗಳು ಈಗ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. “ಇವ್ರು ಅಲ್ಲಿ ಬಾಗಲಕ್ಕ ಕಟಿಗಿ ಖುರ್ಚಿ ಹಾಕ್ಕೊಂಡು ಕುಂತಾರ. ಕೀಲಿ ಹಾಕೋದಾದ್ರ ನನ್ನ ಒಳಗ ಸೇರಿಸಿ ಹಾಕ್ರಿ ಅಂದಾರಂತ. ಅವ್ರು ಅಷ್ಟು ಉದ್ದ ಮಾತಾಡಿದ್ದ ನಾ ಕೇಳಿಲ್ಲ” ಎಂದಳು.

ಅಪ್ಪನ ಕರೆಗೆ ಹಸಿರೇ ಬೀಳುತ್ತಿತ್ತು. ಆದರೆ ಖಾನಾವಳಿ ಅವ್ವನ ಹೆಸರಿನಲ್ಲಿತ್ತು.

“ನಿನ್ನ ದನಿ ಯಾರಿಗೆ ಸಿಕ್ತವ್ವಾ?” ಎಂದೆ.

“ಹ್ವಾದ ವಾರ ನಿಮ್ಮ ಕಚೇರಿಯಿಂದಾನ ಅಂತ ಒಬ್ಬಾಂವ ಮಾಡಿದ್ದ. ನಿಮ್ಮ ದನಿಜಾತಕದ ಮುದ್ರಿ ಅವಧಿ ಮುಗೀಲಿಕ್ಕತ್ತೈತಿ, ಸ್ವಲ್ಪ ಮಾತಾಡ್ರಿ ಅಂದ. ಏನ ಮಾತಾಡ್ಲಪಾ ಅಂದೆ. ಬದನಿಕಾಯಿ ಎಣಗಾಯಿ ಮಾಡೋದು ಹೇಳ್ರಿ ಅಂದ. ಪಾಪ, ಲಗ್ನ ಆಗಿಲ್ಲಂತ, ಕೈಲೆ ಮಾಡ್ಕೊಂಡು ತಿಂತಾನಂತ.”

“ಎಲ್ಲಾ ಹೇಳಿದಿ?”

“ಗುರೆಳ್ಳು ಯಾವಾಗ ಹಾಕೋದು ಅನ್ನೋದ ಬಿಟ್ಟು. ಖಾನಾವಳಿಯಾಕಿ ಅದನ್ನ ಹೇಳ್ತಾಳೇನು?”

“ಅಪ್ಪನ ಹೆಸರು ಕೇಳಿದ್ನಾ?”

“ಕೇಳಿದ. ಬೋರ್ಡಿನ ಮ್ಯಾಲ ಐತಿ, ಬಂದು ಓದಿಕೋ ಅಂದೆ.”

ಮೇಡಂ ತಲೆ ಹಿಡಿದುಕೊಂಡರು. ಹೊರಗಿನ ಗೋಡೆಯ ಮೇಲೆ ನಮ್ಮದೇ ದೊಡ್ಡ ಫಲಕ ಇತ್ತು: ‘ಯಾರು ಕೇಳಿದರೂ ಹೇಳಬೇಡಿ. ಫೋನ್ ಇಡಿ. ಗೊತ್ತಿರುವ ನಂಬರಿಗೆ ತಿರುಗಿ ನೀವೇ ಮಾಡಿ.’ ಅದರ ಕೆಳಗೇ ನಮ್ಮ ಬಾಗಿಲು ಬಂದವರನ್ನೆಲ್ಲ ಹೆಸರು ಕೇಳುತ್ತ ನಿಂತಿತ್ತು.

“ಅಮ್ಮ, ಒಂದೇ ಒಂದು ಸಲ ಇಲ್ಲಿ ಹೇಳ್ಬಿಡಿ. ಯಾರೂ ಕೇಳಲ್ಲ, ಯಂತ್ರ ಮಾತ್ರ.”

ಅವ್ವನ ಮುಖ ಕೆಂಪಾಯಿತು. ಈ ಸಲ ದೀಪದಿಂದಲ್ಲ. “ಅದೊಂದ ಬಿಟ್ಟು ಏನರ ಕೇಳ್ರಿ ಬಾಯಾರ. ಅವ್ರಿಗೆ ಯಾವ ಪಲ್ಲೆ ಸೇರತೈತಿ, ಯಾವ ಕಾಲು ಮೊದಲ ಚಪ್ಪಲಿಗೆ ಇಡ್ತಾರ, ಎಲ್ಲಾ ಹೇಳ್ತೀನಿ.”

“ಯಂತ್ರ ಅದನ್ನ ಕೇಳಲ್ವಲ್ಲಮ್ಮ!”

ಸರಿ, ನನ್ನ ವಿದ್ಯೆ ಇನ್ಯಾವಾಗ ಬರಬೇಕು? “ಮೇಡಂ, ನಾನ ಹೇಳ್ತೀನಿ, ಅವ್ವನ ದನಿಯಾಗ” ಎಂದೆ. ಮೈಕಿನ ಮುಂದೆ ಕುಳಿತು, ಗಂಟಲಿನಲ್ಲಿ ಒಲೆಯ ಹೊಗೆ ತುಂಬಿಕೊಂಡು, ಕೊನೆಯ ಅಕ್ಷರ ಸ್ವಲ್ಪ ಎಳೆದು “ಚಂದ್ರಾಮಪ್ಪ” ಎಂದೆ. ಅವ್ವ ಗಕ್ಕನೆ ಎದ್ದು ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ತಾನೇ ಹೇಳಿಬಿಟ್ಟೆನೇನೋ ಎಂಬಂತೆ.

ಕೆಂಪು.

ಮೇಡಂ ನಂಬಲಿಲ್ಲ. “ನಿಮ್ಮ ತಾಯಿನೇ ಮಾತಾಡಿದಂಗಿತ್ತಲ್ರೀ. ಅನುಮಾನದ ಹಳದಿನಾದ್ರೂ ಬೀಳಬೇಕಿತ್ತು. ಅಳತೆ ನೋಡಿ, ಹತ್ತಿರಕ್ಕೂ ಬಂದಿಲ್ಲ. ಅವರ ದನಿಗೆ ಹತ್ತಿರ ಹೋದಷ್ಟೂ ಉತ್ತರದಿಂದ ದೂರ ಹೋಗ್ತಿದೆ! ಇದು ಹೇಗೆ?”

ಹೇಗೆ ಎಂದು ನನಗೂ ತಿಳಿಯಲಿಲ್ಲ. ಮತ್ತೆ ಹೇಳಿದೆ. ಮುದುಕಿಯಾಗಿ ಹೇಳಿದೆ, ಹೊಸ ಮದುವಣಗಿತ್ತಿಯಾಗಿ ಹೇಳಿದೆ. ಕೆಂಪು, ಕೆಂಪು. ರೋಸಿಹೋಗಿ ಬಸ್ ಕಂಡಕ್ಟರನ ದನಿಯಲ್ಲಿ “ಚಂದ್ರಾಮಪ್ಪ ಯಾರ್ರೀ, ಇಳೀರಿ ಇಳೀರಿ” ಎಂದೆ. ನನ್ನ ಹಳೆಯ ಇತಿಹಾಸ ಪ್ರಾಧ್ಯಾಪಕರ ದನಿಯಲ್ಲಿ, “ಹೀಗಾಗಿ ಚಂದ್ರಾಮಪ್ಪನ ಆಳ್ವಿಕೆ ಕೊನೆಗೊಂಡಿತು” ಎಂದೆ. ಅವ್ವನಿಗೆ ಆ ಸಂಕಟದಲ್ಲೂ ನಗು ಉಕ್ಕಿ ಬೆನ್ನಿಗೆ ಗುದ್ದಿದಳು. “ಮುಂಜಾನೆ ಫೋನಿನ್ಯಾಗ ನನ್ನ ಅಣಕಿಸಿದಿ, ಈಗ ಅಪ್ಪನ್ನೂ ಬಿಡವಲ್ಲಿ!”

ಯಂತ್ರ ತಾಳ್ಮೆಗೆಡಲಿಲ್ಲ. “ದಯವಿಟ್ಟು ನಿಮ್ಮ ಯಜಮಾನರ ಹೆಸರು ಹೇಳಿ” ಎಂದು ಅದೇ ಸಿಹಿ ದನಿಯಲ್ಲಿ ಕೇಳಿತು. ನನಗೆ ಕಿಚ್ಚು ಹತ್ತಿತು. ಅದರದ್ದೇ ದನಿ ಮಾಡಿ, ಅದರಂತೆಯೇ ಸಕ್ಕರೆ ಸುರಿದು, ಅಣಕಿಸಿದೆ: “ದಯವಿಟ್ಟು ಬರೆದುಕೊಳ್ಳಿ... ಚಂದ್ರಾಮಪ್ಪ.”

ಹಸಿರು.

“ಧನ್ಯವಾದ ನೀಲವ್ವನವರೇ” ಎಂದಿತು ಯಂತ್ರ.

ಮೇಡಂ ಮೆಲ್ಲಗೆ ಕುರ್ಚಿ ಎಳೆದುಕೊಂಡು ಕುಳಿತರು. “ಯಂತ್ರದ ದನಿ ಯಾರದು?”

“ನೋಂದಣಿ ವಿಭಾಗದ ರೇಣವ್ವನದ್ರಿ. ಅವ್ರ ದನಿ ಚಲೋ ಅಂತ ನೀವ ಆರಿಸಿದ್ರಿ.”

ರೇಣವ್ವ ಬಂದಳು. ಕಿವಿಯ ಮೇಲೆ ಪೆನ್ನು ಸಿಕ್ಕಿಸಿಕೊಂಡಿದ್ದ, ಎಲ್ಲರನ್ನೂ ಅಕ್ಕಾರ ಅಣ್ಣಾರ ಎನ್ನುವ ದುಂಡು ಮುಖದ ಹೆಂಗಸು. ಅವ್ವನನ್ನು ನೋಡಿದವಳೇ, “ಅಯ್ಯ, ಖಾನಾವಳಿ ನೀಲಕ್ಕಾರಲ್ಲ! ನಿಮ್ಮ ಜಾತಕ ನಾನ ಬರದಿದ್ದೆ” ಎಂದಳು.

“ಅವರ ಯಜಮಾನರ ಹೆಸರು ಯಾರು ಹೇಳಿದ್ದು ರೇಣವ್ವ?” ಮೇಡಂ ಕೇಳಿದರು.

“ನಾನರೀ.”

“ನೀವಾ?”

“ಮತ್ತ ಯಾರ್ರೀ? ಅವ್ರು ಹೇಳಂಗಿಲ್ಲಲ್ಲ.” ಇದರಲ್ಲಿ ಕೇಳುವುದೇನಿದೆ ಎಂಬಂತೆ ರೇಣವ್ವ ನೋಡಿದಳು. “ಮೊದಲಿಂದಾನೂ ಹಂಗ ಅಲ್ರೀ ಮೇಡಂ. ರೇಶನ್ ಕಚೇರಿಯಾಗ, ದವಾಖಾನಿಯಾಗ, ಗಂಡನ ಹೆಸರ ಕೇಳಿದ್ರ ಮಗ್ಗಲದಾಕಿ ಹೇಳೋದು. ಒಬ್ಬರೇ ಬಂದೋರು ‘ನೀನ ಹೇಳ ನಮ್ಮವ್ವಾ’ ಅಂದು ನನ್ನ ಕೈ ಹಿಡ್ಯಾವ್ರು. ಚೀಟಿ ನೋಡಿ ನಾನ ಮೈಕಿನ್ಯಾಗ ಹೇಳಿಬಿಡ್ತಿದ್ದೆ. ಸಾಲು ಗೇಟಿನಾಚಿಗೆ ಇರ್ತಿತ್ತು.”

“ಎಷ್ಟು ಜನಕ್ಕೆ ಹೇಳಿದೀರಾ?”

“ಹೇಳದವರಿಗೆಲ್ಲಾ, ಮೇಡಂ.”

ವಾಗ್ದೇವಿ ಮೇಡಂ ಗೋಡೆಯ ಮೇಲಿನ ನಕ್ಷೆ ನೋಡಿದರು. ಕೆಂಪು ದೀಪಗಳು ಇನ್ನೂ ಹೊತ್ತುತ್ತಿದ್ದವು. ಯಂತ್ರದ ಪ್ರಕಾರ ಇಡೀ ಭಾಗದ ಅಷ್ಟೂ ಗಂಡಂದಿರಿಗೆ ಹೆಂಡತಿ ಒಬ್ಬಳೇ, ರೇಣವ್ವ. ಅವಳ ದನಿಯನ್ನು ನಾವೇ ಬಾಗಿಲು ಬಾಗಿಲಿಗೂ, ಕರೆ ಕರೆಗೂ ಹಂಚಿದ್ದೆವು. ಕಳ್ಳರು ಮಾಡಬೇಕಾದದ್ದು ಇಷ್ಟೇ: ಮಾತಿಗೆ ಮನೆ ಹೆಂಗಸಿನ ದನಿ, ಉತ್ತರಕ್ಕೆ ನಮ್ಮ ರೇಣವ್ವನ ದನಿ. ಅವರಿಗೆ ಅದು ಹೊಳೆದದ್ದು ಹೇಗೋ ಗೊತ್ತಿಲ್ಲ. ಬಹುಶಃ ನನ್ನಂತೆಯೇ, ಅಣಕಿಸಲು ಹೋಗಿ.

“ಹಂಗಾದ್ರ ಈ ತನಕ ಬಿದ್ದ ಹಸಿರಿನಾಗ ಖರೇ ಎಷ್ಟು, ಸುಳ್ಳ ಎಷ್ಟು?” ಎಂದೆ.

“ಗೊತ್ತಿಲ್ಲ” ಎಂದರು ಮೇಡಂ. ಆ ವಾರ ಅವರ ಬಾಯಿಂದ ಬಂದ ಮೊದಲ ಉತ್ತರ ಅದು.

ರೇಣವ್ವನ ಕಣ್ಣು ತುಂಬಿದವು. “ನಾ ಏನರ ತಪ್ಪ ಮಾಡಿದ್ನೇನ್ರಿ?”

“ನೀ ಏನ ತಪ್ಪ ಮಾಡಿದಿ?” ಅವ್ವ ಅವಳ ಬೆನ್ನು ಸವರಿದಳು. “ಕೇಳಿದವರಿಗೆಲ್ಲ ಹೇಳಬ್ಯಾಡ ಅಂತ ನಮ್ಮವ್ವ ನನಗ ಹೇಳಿ ಕಳಿಸಿದ್ಲು. ಈಗ ನೋಡಿದ್ರ ಇವ್ರೂ ಗೋಡಿ ಮ್ಯಾಲ ಅದನ್ನ ಬರದಾರ. ಬರದು, ಮತ್ತ ಅದನ್ನ ಕೇಳ್ತಾರ. ನನಗರ ತಿಳೀವಲ್ದು.”

ಪ್ರಶ್ನೆ ಬದಲಿಸಲು ಮುಖ್ಯ ಕಚೇರಿ ಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಇಲ್ಲಿ ಈಗಲೇ ಆಗುವುದು ಒಂದೇ ಕೆಲಸ: ಹಳೆಯ ಉತ್ತರ ಅಳಿಸಿ, ಮನೆಯವರೊಬ್ಬರು ಕರೆಯಲ್ಲಿ ಸಾಕ್ಷಿಯಿರುವಾಗ ಅದೇ ಉತ್ತರವನ್ನು ಅವ್ವನ ಸ್ವಂತ ದನಿಯಲ್ಲಿ ಹೊಸದಾಗಿ ತುಂಬುವುದು. ಅಂದರೆ ಅವ್ವ ಹೇಳಲೇಬೇಕು. ಹಸ್ತಾಂತರ ಕಚೇರಿ ಬಾಗಿಲು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಅಪ್ಪನಿಗೆ ಫೋನ್ ಹಚ್ಚಿ ಸಾಕ್ಷಿಗೆ ಕೂರಿಸಿದೆವು. ಸ್ಪೀಕರಿನಲ್ಲಿ ಖಾನಾವಳಿಯ ಗದ್ದಲ, ಯಾರೋ ಕೀಲಿಗೊಂಚಲು ಅಲ್ಲಾಡಿಸುವ ಸದ್ದು, “ಹೊತ್ತಾತು ಏಳ್ರಿ ಹಿರ್ಯಾರ” ಎಂಬ ಒರಟು ಮಾತು. ಅಪ್ಪ “ಹೂಂ” ಎಂದ, ಅಷ್ಟೇ.

ಅವ್ವ ಮೈಕಿನ ಮುಂದೆ ಕುಳಿತಳು. ಬಾಯಿ ತೆರೆದಳು. ಮುಚ್ಚಿದಳು. “ಬರವಲ್ದಪಾ ಮುರಿಗಿ. ಗಂಟಲದಾಗ ಕುಂತೈತಿ, ಹೊರಗ ಬರವಲ್ದು. ಸುಳ್ಳ ಹೇಳಾಕಿ ಆ ಕಡೆ ಫಟ್ಟನ ಹೇಳಿದ್ಲಂತ. ಹೋದ್ರ ಹೋಗ್ಲಿ ಖಾನಾವಳಿ...”

ಎದ್ದು ಹೊರಟೇಬಿಟ್ಟಳು. ಆಗ ರೇಣವ್ವ ಮೂಗೊರೆಸಿಕೊಂಡವಳೇ ಓಡಿಹೋಗಿ ಕೋಣೆಯ ಬಾಗಿಲ ಚೌಕಟ್ಟಿಗೆ ಎರಡೂ ಕೈ ಚಾಚಿ ಅಡ್ಡ ನಿಂತಳು.

“ಎಲ್ಲಿಗ್ರೀ ವೈನಿ? ಹೆಸರ ಹೇಳಿದ್ರ ಬಿಡ್ತೀವಿ!”

ಅವ್ವ ನಿಂತಳು. “ಏ ರೇಣವ್ವಾ, ಇದು ಮದುವಿ ಮನಿ ಏನ?”

“ಒಡಪ ಹಾಕಿ ಹೇಳ್ರಿ. ಇಲ್ಲಾಂದ್ರ ಹೊಸ್ತಿಲಾ ದಾಟಂಗಿಲ್ಲ.”

ಮೇಡಂ ನನ್ನ ಕಡೆ ನೋಡಿದರು. “ಒಡಪು ಅಂದ್ರ ಪದ ಕಟ್ಟಿ ಅದರಾಗ ಗಂಡನ ಹೆಸರ ಹೇಳೋದು ಮೇಡಂ” ಎಂದೆ. “ನಾದಿನಿಯರು ಬಾಗಲಾ ಹಿಡಿದ್ರ ಮಾತ್ರ ಹೇಳಬಹುದು. ಅದಕ್ಕ ಪರವಾನಿಗಿ ಐತಿ.” ಅವರು ಕನ್ನಡಕ ತೆಗೆದಿಟ್ಟು, ಹೋಗಿ ರೇಣವ್ವನ ಪಕ್ಕ ನಿಂತು ಕೈ ಚಾಚಿದರು. “ನಾವೂ ಬಿಡಲ್ಲ ಅತ್ತಿಗೆ. ಹೇಳ್ಲೇಬೇಕು” ಎಂದು ಮೈಸೂರು ಕನ್ನಡದಲ್ಲೇ ನಾದಿನಿಯಾದರು. ನಕ್ಷೆ ನೋಡುತ್ತಿದ್ದ ಹುಡುಗಿಯರೂ ಎದ್ದು ಬಂದರು. ಗಾಜಿನ ಬಾಗಿಲಲ್ಲಿ ಕೈಗಳ ಬೇಲಿಯೇ ಎದ್ದಿತು, ನಗೆಯೂ ಎದ್ದಿತು.

ಅವ್ವ ಸೆರಗು ತಲೆ ಮೇಲೆ ಎಳೆದುಕೊಂಡಳು. ನಾನು ಕಂಡರಿಯದ ಒಬ್ಬ ಹುಡುಗಿ ಆ ಮುಖದಲ್ಲಿ ಕ್ಷಣ ಇಣುಕಿದಳು. ನಾನು ಮೈಕನ್ನು ಸದ್ದಿಲ್ಲದೆ ಅವಳ ಕಡೆ ತಿರುಗಿಸಿದೆ.

“ಹಂಚಿನ ಮ್ಯಾಲಿನ ರೊಟ್ಟಿ ಉಬ್ಬಿದ್ರ ಚಂದ,
ಉಬ್ಬಿದ ರೊಟ್ಟಿಗಿ ಬೆಣ್ಣಿ ಬಿದ್ರ ಚಂದ,
ಕೇಳಿದವರಿಗೆಲ್ಲ ಹೇಳಾಕಿ ನಾ ಅಲ್ಲ...”

ತಡೆದಳು. ಬಳೆ ಸದ್ದು. ನಗು. “ಮುಂದ, ಮುಂದ!” ಎಂದರು ಹುಡುಗಿಯರು. ಅವಳು ಕಣ್ಣು ಮುಚ್ಚಿ, ಒಂದೇ ಉಸಿರಿನಲ್ಲಿ:

“...ಚಂದ್ರಾಮಪ್ಪನವರ ಹೆಸರಿಗಿ ಯಾರ ಮುದ್ರಿನೂ ಬೇಕಿಲ್ಲ!”

ಯಂತ್ರ ಸ್ವಲ್ಪ ಹೊತ್ತು ಯೋಚಿಸಿದಂತೆ ಕಂಡಿತು. ಪರದೆಯ ಮೇಲೆ ಅಳತೆಯ ಗೆರೆ ಹೆಸರಿನ ಮುಂಚೆ ಇಷ್ಟು ಆಳಕ್ಕೆ ಇಳಿದು ಒಮ್ಮೆಲೇ ಮೇಲೆದ್ದಿತ್ತು. ಅಂಥ ಗೆರೆಯನ್ನು ನಾನು ಯಾವ ಜನ್ಮದಲ್ಲೂ ಅಣಕಿಸಲಾರೆ. ಆಮೇಲೆ ಹಸಿರು ಬಿತ್ತು. ಹುಡುಗಿಯರು ಸಿಳ್ಳೆ ಹಾಕಿದರು.

ಅವ್ವ ತಡಮಾಡಲಿಲ್ಲ. ಇನ್ನೊಂದು ಫೋನಿನಿಂದ ಹಸ್ತಾಂತರ ಕಚೇರಿಗೆ ಮಾಡಿಸಿ, “ನಾನು ಖಾನಾವಳಿ ನೀಲವ್ವ. ಮುಂಜಾನೆ ಮಾತಾಡಿದಾಕಿ ನಾ ಅಲ್ಲ. ನನ್ನ ಖಾನಾವಳಿ ನಾ ಯಾರಿಗೂ ಕೊಟ್ಟಿಲ್ಲ, ಕೊಡಂಗಿಲ್ಲ. ಆಕಿ ಮತ್ತ ಮಾಡಿದ್ರ ಗುರೆಳ್ಳು ಯಾವಾಗ ಹಾಕೋದು ಕೇಳ್ರಿ” ಎಂದಳು. ಆ ಕಡೆಯವರು ಹಸಿರು ನೋಡಿ, ಆಯಿತು ಎಂದು ರದ್ದು ಮಾಡಿದರು. ಸ್ಪೀಕರಿನಲ್ಲಿ ಕೀಲಿಗೊಂಚಲಿನ ಸದ್ದು ದೂರವಾಯಿತು, ಯಾವುದೋ ಗಾಡಿ ಹೊರಟ ಸದ್ದು ಬಂತು. ವಾಗ್ದೇವಿ ಮೇಡಂ ನಕ್ಷೆಯ ಅಷ್ಟೂ ಕೆಂಪು ದೀಪಗಳನ್ನು ನೋಡಿ, ಅಷ್ಟೂ ಬಾಗಿಲು ಹಿಡಿಯುವುದು ಹೇಗೆ ಎಂದು ಬೆರಳೆಣಿಸತೊಡಗಿದ್ದರು.

ಆಗ ನೆನಪಾಯಿತು. ಸಾಕ್ಷಿಯ ಕರೆ ಇನ್ನೂ ತೆರೆದೇ ಇತ್ತು. ಒಡಪು ಮುಗಿದಾಗಿನಿಂದ ಅಪ್ಪ ಹೂಂ ಎಂದಿರಲಿಲ್ಲ, ಉಹೂಂ ಎಂದಿರಲಿಲ್ಲ.

“ಕೇಳಿಸ್ತೇನ್ರಿ?” ಎಂದಳು ಅವ್ವ, ಸ್ಪೀಕರಿನ ಹತ್ತಿರ ಬಾಗಿ.

ಒಲೆಯ ಚಟಪಟ ಕೇಳಿಸಿತು. ಆಮೇಲೆ ಒಂದು ದನಿ ಬಂತು. ಒದ್ದೆಯಾದ, ನಡುಗುವ, ಎಲ್ಲೋ ನಗುತ್ತಿರುವ, ಎಳೆಯ ಹುಡುಗನಂಥ ದನಿ:

“ಇನ್ನೊಮ್ಮಿ ಹೇಳ.”

ಕೋಣೆಯ ತುಂಬ ಕೆಂಪು ದೀಪ ಮಿನುಗಿತು. “ಎಚ್ಚರಿಕೆ” ಎಂದಿತು ಯಂತ್ರ, ರೇಣವ್ವನ ಸಿಹಿ ದನಿಯಲ್ಲಿ. “ಇದು ಚಂದ್ರಾಮಪ್ಪ ಅವರ ದನಿಯಲ್ಲ. ದಯವಿಟ್ಟು ಫೋನ್ ಇಡಿ.”

ಮೇಡಂ ಗಾಬರಿಯಿಂದ ಗುಂಡಿಯ ಕಡೆ ಕೈ ಚಾಚಿದರು. ಅವ್ವ ಹಿಟ್ಟು ಮೆತ್ತಿದ ಅಂಗೈಯನ್ನು ಅವರ ಕೈಮೇಲೆ ಇಟ್ಟು ತಡೆದಳು.

“ಇರ್ಲಿ ಬಿಡ್ರಿ ಬಾಯಾರ” ಎಂದಳು. “ಯಾರಂತ ನನಗ ಗೊತ್ತೈತಿ.”